ಜೋಡಿ ಗಾಜಿನ ಕಿಟಕಿ ಮಬ್ಬಾದರೆ: ರಿಪೇರಿಯೋ, ಗಾಜು ಬದಲಿಯೋ, ಹೊಸ ಕಿಟಕಿಯೋ?

ನಮ್ಮ ಮನೆಯ ಪಶ್ಚಿಮದ ಕೋಣೆಯ ಕಿಟಕಿಯಲ್ಲಿ ಮೊದಲ ಸಲ ಮಬ್ಬು ಕಂಡದ್ದು ಡಿಸೆಂಬರಿನ ಒಂದು ಬೆಳಿಗ್ಗೆ ಆರು ಗಂಟೆಗೆ. ಒಳಗಿನಿಂದ ಒರೆಸಿದೆ, ಹೋಗಲಿಲ್ಲ. ಹೊರಗೆ ಹೋಗಿ ಒರೆಸಿದೆ, ಆಗಲೂ ಹೋಗಲಿಲ್ಲ. ನೀರಿನ ಆವಿ ಎರಡು ಗಾಜುಗಳ ನಡುವೆ ಕುಳಿತಿತ್ತು. ಕಿಟಕಿ ಕೂರಿಸಿಕೊಟ್ಟವರಿಗೆ ಫೋನ್ ಮಾಡಿದರೆ ಅವರು ಮಧ್ಯಾಹ್ನ ಎರಡಕ್ಕೆ ಬಂದರು. ಅಷ್ಟು ಹೊತ್ತಿಗೆ ಕಲಬುರಗಿಯ ಬಿಸಿಲು ಗಾಜನ್ನು ಕಾಯಿಸಿ ಮಬ್ಬನ್ನು ಅಳಿಸಿಬಿಟ್ಟಿತ್ತು. "ಎಲ್ಲ ಸರಿಯಾಗಿಯೇ ಇದೆಯಲ್ಲಮ್ಮ" ಎಂದು ಹೇಳಿ ಹೊರಟುಹೋದರು. ಎರಡನೇ ಸಲವೂ ಹೀಗೆಯೇ ಆಯಿತು. ಮೂರನೇ ಸಲ ನಾನು ಬೆಳಗಿನ ಜಾವ ಎದ್ದು ದಿನವೂ ಒಂದರಂತೆ ಒಂದು ವಾರ ಫೋಟೊ ತೆಗೆದು ಇಟ್ಟುಕೊಂಡೆ. ಆಮೇಲೆ ಮಾತು ಮುಂದುವರಿಯಿತು.

ಮಾತು ಮುಂದುವರಿದರೂ ಸಲಹೆ ಒಂದೇ ಆಗಿರಲಿಲ್ಲ. ಗಾಜಿಗೆ ತೂತು ಕೊರೆದು ಒಣಗಿಸಿಬಿಡೋಣ ಎಂದರು ಒಬ್ಬರು. ಕಿಟಕಿಯನ್ನೇ ಕಿತ್ತು ಹೊಸದು ಹಾಕಿ ಎಂದರು ಇನ್ನೊಬ್ಬರು. ಮೇಲೊಂದು ಸನ್ ಫಿಲ್ಮ್ ಅಂಟಿಸಿದರೆ ಮಬ್ಬು ಕಾಣುವುದೇ ಇಲ್ಲ ಎಂದರು ಮತ್ತೊಬ್ಬರು. ಈ ಮೂರರಲ್ಲಿ ಯಾವುದನ್ನೂ ನಾನು ಮಾಡಲಿಲ್ಲ. ಕಲಬುರಗಿಯ ನಮ್ಮ ಮನೆ, ಬೀದರಿನಲ್ಲಿರುವ ತಂಗಿಯ ಮನೆ, ಶಹಾಬಾದಿನಲ್ಲಿರುವ ಸೋದರಮಾವನ ಹಳೆಯ ಕಲ್ಲಿನ ಮನೆ, ಈ ಮೂರರ ಕಿಟಕಿಗಳ ಜೊತೆ ಎರಡು ವರ್ಷ ಹೆಣಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಇಕ್ಕಟ್ಟಿನಲ್ಲಿರುವವರು ದುಡ್ಡು ಬಿಚ್ಚುವ ಮುಂಚೆ ಓದಲಿ ಎಂಬುದು ನನ್ನ ಆಸೆ.

ಮಬ್ಬು ಎಲ್ಲಿದೆ?

ಗಾಜು ಮೂರು ಕಡೆ ಬೆವರಬಹುದು, ಮೂರಕ್ಕೂ ಅರ್ಥ ಬೇರೆ. ಕೋಣೆಯ ಕಡೆಯ ಬೆವರು ಬೆರಳಿನಿಂದ ಎಳೆದರೆ ಗೆರೆಯಾಗುತ್ತದೆ. ಇದು ಗಾಜಿನ ದೋಷವಲ್ಲ, ಕೋಣೆಯೊಳಗಿನ ತೇವದ ಲಕ್ಷಣ. ಬೀದರ್ ಎತ್ತರದ ಪ್ರಸ್ಥಭೂಮಿಯ ಮೇಲಿರುವ ಊರು, ಚಳಿಗಾಲದ ಬೆಳಗು ಅಲ್ಲಿ ನಮ್ಮಲ್ಲಿಗಿಂತ ತಣ್ಣಗಿರುತ್ತದೆ. ತಂಗಿಯ ಅಡುಗೆಮನೆಯಲ್ಲಿ ಜನವರಿಯಲ್ಲಿ ಕುಕ್ಕರ್ ಕೂಗಿದರೆ ಸಾಕು, ಕಿಟಕಿಯ ಒಳಮೈ ಒದ್ದೆಯಾಗುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಅಲ್ಲಿಗೆ ಮುಗಿಯಿತು. ಹೊರಮೈ ಬೆವರುವುದು ಮಳೆಗಾಲದಲ್ಲಿ, ಅದೂ ಎಸಿಯ ತಣ್ಣನೆಯ ಗಾಳಿ ನೇರವಾಗಿ ಗಾಜಿಗೆ ಬಡಿಯುವ ಕಡೆ. ಎಸಿಯ ರೆಕ್ಕೆಯನ್ನು ಬೇರೆ ದಿಕ್ಕಿಗೆ ತಿರುಗಿಸಿದರೆ ಅದೂ ನಿಲ್ಲುತ್ತದೆ.

ಒಳಗೂ ಹೊರಗೂ ಒರೆಸಿದ ಮೇಲೂ ಉಳಿಯುವ ಮಬ್ಬು ಮಾತ್ರ ನಿಜವಾದ ಕಾಯಿಲೆ. ಅದು ಹೇಗೆ ಬರುತ್ತದೆ ಎಂದು ತಿಳಿದರೆ ಮುಂದಿನ ಆಯ್ಕೆ ಸುಲಭವಾಗುತ್ತದೆ. ಎರಡು ಗಾಜುಗಳ ನಡುವೆ ಅಂಚಿನುದ್ದಕ್ಕೂ ಅಲ್ಯೂಮಿನಿಯಂನ ಟೊಳ್ಳು ಪಟ್ಟಿ ಇರುತ್ತದೆ, ಅದನ್ನು ಸ್ಪೇಸರ್ ಎನ್ನುತ್ತಾರೆ. ಸಾಮಾನ್ಯವಾಗಿ 12 ಮಿಲಿಮೀಟರ್ ಅಗಲ. ಅದರ ಹೊಟ್ಟೆಯಲ್ಲಿ ತೇವ ಹೀರುವ ಸಣ್ಣ ಗುಳಿಗೆಗಳು ತುಂಬಿರುತ್ತವೆ, ಹೊಸ ಚಪ್ಪಲಿಯ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದ ಜಾತಿಯವು. ಪಟ್ಟಿಯನ್ನು ಗಾಜಿಗೆ ಅಂಟಿಸಲು ಬ್ಯೂಟೈಲ್ ಎಂಬ ಕಪ್ಪು ಅಂಟು, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕಾನ್‌ನ ಎರಡನೇ ಬೇಲಿ. ಈ ಬೇಲಿ ಎಲ್ಲಿಯಾದರೂ ಸಡಿಲವಾದರೆ ಹೊರಗಿನ ತೇವ ನುಸುಳುತ್ತದೆ. ಗುಳಿಗೆಗಳು ಹೀರಿ ಹೀರಿ ತುಂಬಿಕೊಳ್ಳುತ್ತವೆ. ಅವುಗಳಿಗೆ ಇನ್ನು ಹೀರಲಾಗದು ಎಂಬ ದಿನ ಮಬ್ಬು ಕಾಣಿಸಿಕೊಳ್ಳುತ್ತದೆ.

ನಮ್ಮ ಭಾಗದ ಬಿಸಿಲು ಈ ಅಂಟಿಗೆ ದೊಡ್ಡ ಪರೀಕ್ಷೆ. ಮೇ ತಿಂಗಳಲ್ಲಿ ನೆರಳಿನಲ್ಲಿಯೇ 42-43 ಡಿಗ್ರಿ ಇರುವಾಗ ಪಶ್ಚಿಮದ ಗಾಜು ಮುಟ್ಟಲಾಗದಷ್ಟು ಕಾಯುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಗಾಜುಗಳನ್ನು ಹೊರಕ್ಕೆ ನೂಕುತ್ತದೆ, ರಾತ್ರಿ ತಣಿದಾಗ ಒಳಕ್ಕೆ ಎಳೆಯುತ್ತದೆ. ದಿನವೂ ನಡೆಯುವ ಈ ಉಸಿರಾಟದಲ್ಲಿ ಅಂಚಿನ ಅಂಟು ಸ್ವಲ್ಪ ಸ್ವಲ್ಪವೇ ದಣಿಯುತ್ತದೆ. ನಮ್ಮ ಎಂಟು ಕಿಟಕಿಗಳಲ್ಲಿ ಮೊದಲು ಕೈಕೊಟ್ಟ ಎರಡೂ ಪಶ್ಚಿಮದವು.

ಅನುಮಾನ ಇದ್ದರೆ ಒಂದು ಸುಲಭ ಪರೀಕ್ಷೆ ಇದೆ. ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ ಹಾಕಿ ಐದಾರು ನಿಮಿಷ ಗಾಜಿಗೆ ಒತ್ತಿ ಹಿಡಿಯಿರಿ. ತೆಗೆದು, ಆ ಜಾಗವನ್ನು ಒಣ ಬಟ್ಟೆಯಿಂದ ಒರೆಸಿ ನೋಡಿ. ಗಾಜಿನ ಹಿಂದುಗಡೆ, ನಡುವಿನ ಜಾಗದಲ್ಲಿ ವೃತ್ತಾಕಾರದ ಮಬ್ಬು ಕಂಡರೆ ಗುಳಿಗೆಗಳು ತುಂಬಿಹೋಗಿವೆ ಎಂದು ತಿಳಿಯಬೇಕು. ಮಧ್ಯಾಹ್ನ ಬರುವ ಮೇಸ್ತ್ರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಗಾಜಿನ ತಪ್ಪಲ್ಲದ ತೊಂದರೆಗಳು

ಆಯ್ಕೆಗಳ ಹೋಲಿಕೆಗೆ ಹೋಗುವ ಮೊದಲು ಇದನ್ನು ಹೇಳಲೇಬೇಕು. ಮಳೆ ನೀರು ಒಳಗೆ ಬರುತ್ತದೆ, ಗಾಳಿ ಸುಯ್ಯೆನ್ನುತ್ತದೆ, ಧೂಳು ತುಂಬುತ್ತದೆ, ಕದ ಸರಿಯಾಗಿ ಮುಚ್ಚುವುದಿಲ್ಲ: ಈ ನಾಲ್ಕೂ ದೂರುಗಳಿಗೂ ಗಾಜಿಗೂ ಸಂಬಂಧವಿಲ್ಲ. ಆದರೂ ಇವುಗಳಿಗಾಗಿಯೇ ಜನ ಕಿಟಕಿ ಬದಲಿಸುವುದನ್ನು ನೋಡಿದ್ದೇನೆ.

ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟಿನ ಕೆಳಗಿನ ಪಟ್ಟಿಯಲ್ಲಿ ಹೊರಗಡೆಗೆ ಸಣ್ಣ ಸೀಳುಗಳಿರುತ್ತವೆ. ಚೌಕಟ್ಟಿನೊಳಗೆ ಇಳಿದ ಮಳೆ ನೀರು ಹೊರಹೋಗಲು ಮಾಡಿದ ದಾರಿ ಅದು. ನಮ್ಮ ಊರಿನ ಧೂಳು, ಸೇಡಂ, ವಾಡಿ ಕಡೆಯಾದರೆ ಸಿಮೆಂಟಿನ ಪುಡಿಯೂ ಸೇರಿ, ಆ ಸೀಳುಗಳನ್ನು ಒಂದೆರಡು ವರ್ಷದಲ್ಲಿ ಮುಚ್ಚಿಬಿಡುತ್ತವೆ. ನೀರು ಒಳಗೆ ತಿರುಗುತ್ತದೆ. ನಮ್ಮ ಪಕ್ಕದ ಮನೆಯವರು ಆ ಸೀಳುಗಳಿಂದಲೇ ನೀರು ಬರುತ್ತಿದೆ ಎಂದು ತಿಳಿದು ಹೊರಗಿನಿಂದ ಸಿಲಿಕಾನ್ ಹಾಕಿ ಮುಚ್ಚಿಸಿದ್ದರು. ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಏಕೆಂದರೆ ನಿಂತ ನೀರಿನಲ್ಲಿ ಗಾಜಿನ ಕೆಳ ಅಂಚು ನೆನೆಯುತ್ತದೆ, ಅಂಚಿನ ಅಂಟು ಬೇಗ ಹಾಳಾಗುತ್ತದೆ, ಒಳ್ಳೆಯ ಗಾಜೂ ಮಬ್ಬಾಗುತ್ತದೆ. ಸೀಳುಗಳಲ್ಲಿನ ಸಿಲಿಕಾನ್ ಕೆರೆದು ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಂದು ಲೋಟ ನೀರನ್ನು ಚೌಕಟ್ಟಿನ ಒಳಗಾಲುವೆಗೆ ಹುಯ್ದು ಅದು ಹೊರಗೆ ಹರಿಯುವುದನ್ನು ಕಣ್ಣಾರೆ ನೋಡಬೇಕು. ಅಷ್ಟೇ ಕೆಲಸ, ಅದಕ್ಕೆ ದುಡ್ಡಿನ ಖರ್ಚೇ ಇಲ್ಲ.

ಕದ ಮುಚ್ಚದಿರುವುದಕ್ಕೆ ನಮ್ಮಲ್ಲಿ ಇನ್ನೊಂದು ಕಾರಣ ನೆಲದಲ್ಲಿದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಪಾಯ ಆಳವಾಗಿಲ್ಲದ ಮನೆಗಳಲ್ಲಿ ಗೋಡೆ ಅಲುಗಿ ಚೌಕಟ್ಟು ಓರೆಯಾಗುತ್ತದೆ. ಚೌಕಟ್ಟಿನ ಎರಡು ಕರ್ಣಗಳನ್ನು ಟೇಪಿನಿಂದ ಅಳೆಯಿರಿ. ಎರಡೂ ಸಮವಾಗಿದ್ದರೆ ಚೌಕಟ್ಟು ನೇರವಾಗಿದೆ ಎಂದರ್ಥ, ಆಗ ತಪ್ಪು ಕೀಲಿನದು ಅಥವಾ ಗಾಜಿನ ಕೆಳಗಿನ ಬಿಲ್ಲೆಗಳದು. ಗಾಜು ಚೌಕಟ್ಟಿನ ಮೇಲೆ ನೇರವಾಗಿ ಕೂರುವುದಿಲ್ಲ, ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಕೂರುತ್ತದೆ. ತೆರೆಯುವ ಕದದಲ್ಲಿ ಕೀಲಿನ ಕೆಳಮೂಲೆಯಲ್ಲೂ ಅದರ ಎದುರಿನ ಮೇಲ್ಮೂಲೆಯಲ್ಲೂ ಬಿಲ್ಲೆ ಬಿಗಿಯಾಗಿ ಇದ್ದರೆ ಗಾಜೇ ಕದವನ್ನು ಎತ್ತಿ ಹಿಡಿಯುತ್ತದೆ. ಬಿಲ್ಲೆ ಜಾರಿದರೆ ಕದ ಜೋತುಬೀಳುತ್ತದೆ. ಬೀದರಿನಲ್ಲಿ ತಂಗಿಯ ಮನೆಯ ಜೋತುಬಿದ್ದ ಎರಡು ಕದಗಳನ್ನು ಹೀಗೆಯೇ, ಬಿಲ್ಲೆ ಸರಿಸಿ ಕೂರಿಸಿಯೇ ನೆಟ್ಟಗೆ ಮಾಡಿದೆವು. ಆ ಊರಿನ ಕೆಂಪು ಜಂಬಿಟ್ಟಿಗೆಯ ನೆಲ ಎರೆಮಣ್ಣಿನಂತೆ ಉಬ್ಬಿ ಇಳಿಯುವುದಿಲ್ಲ. ಗೋಡೆಯನ್ನು ಅನುಮಾನಿಸುವ ಅಗತ್ಯವೇ ಬೀಳಲಿಲ್ಲ.

ಈಗ ಆಯ್ಕೆಗಳು

ಮಬ್ಬು ನಿಜವಾಗಿಯೂ ನಡುವೆ ಇದೆ ಎಂದು ಖಚಿತವಾದ ಮೇಲೆ ಮುಂದಿರುವ ಮೊದಲ ದಾರಿ ಸುಮ್ಮನಿರುವುದು. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಮಬ್ಬಾದ ಜೋಡಿ ಗಾಜು ಮಾರನೆಯ ದಿನವೇ ಕೆಲಸ ನಿಲ್ಲಿಸುವುದಿಲ್ಲ. ಎರಡು ಗಾಜುಗಳ ನಡುವೆ ಗಾಳಿಯ ಪದರ ಇನ್ನೂ ಇದೆ, ಶಾಖ ತಡೆಯುವ ಶಕ್ತಿ ಸ್ವಲ್ಪ ಕುಗ್ಗಿದರೂ ಬಹುಪಾಲು ಉಳಿದಿರುತ್ತದೆ. ಸ್ನಾನದ ಮನೆ, ಉಗ್ರಾಣ, ಮಹಡಿ ಮೆಟ್ಟಿಲ ಕಡೆಯ ಕಿಟಕಿಯಾದರೆ ಅವಸರ ಏಕೆ? ನಮ್ಮ ಎರಡರಲ್ಲಿ ಒಂದನ್ನು ನಾನು ಇವತ್ತಿಗೂ ಹಾಗೆಯೇ ಬಿಟ್ಟಿದ್ದೇನೆ. ಇದಕ್ಕೆ ಒಂದು ಅಪವಾದ ಇದೆ. ನಡುವಿನ ಜಾಗದ ಕಡೆಯ ಮೈಗೆ ಶಾಖ ತಡೆಯುವ ತೆಳು ಲೇಪನ ಇರುವ ಲೋ-ಇ ಗಾಜಾದರೆ ತೇವ ಆ ಲೇಪನವನ್ನೇ ತಿನ್ನುತ್ತದೆ, ಕಲೆಗಳು ಶಾಶ್ವತವಾಗುತ್ತವೆ. ಲೇಪನ ಇದೆಯೇ ಎಂದು ತಿಳಿಯಲು ಕತ್ತಲಲ್ಲಿ ಮೊಬೈಲಿನ ಟಾರ್ಚನ್ನು ಗಾಜಿನ ಹತ್ತಿರ ಹಿಡಿಯಿರಿ. ಜೋಡಿ ಗಾಜಿನಲ್ಲಿ ನಾಲ್ಕು ಪ್ರತಿಬಿಂಬಗಳು ಕಾಣುತ್ತವೆ. ಅವುಗಳಲ್ಲಿ ಒಂದರ ಬಣ್ಣ ಉಳಿದ ಮೂರಕ್ಕಿಂತ ಬೇರೆಯಾಗಿದ್ದರೆ ಲೇಪನ ಇದೆ.

ಎರಡನೆಯದು ತೂತು ಕೊರೆಯುವ ವಿಧಾನ. ಗಾಜಿನ ಮೂಲೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ಒಳಗೆ ದ್ರವ ಹಾಯಿಸಿ ತೊಳೆದು, ಒಣಗಿಸಿ, ಬಿರಡೆ ಹಾಕುತ್ತಾರೆ. ಕೇಳಲು ಚೆನ್ನಾಗಿದೆ, ಕಡಿಮೆ ಖರ್ಚು ಎಂಬ ಭಾವನೆಯನ್ನೂ ಹುಟ್ಟಿಸುತ್ತದೆ. ನಾನು ಇದನ್ನು ಸ್ಪಷ್ಟವಾಗಿ ಬೇಡ ಎನ್ನುತ್ತೇನೆ. ಟೆಂಪರ್ಡ್ ಗಾಜಾದರೆ ಕೊರೆಯಲು ಹೋದ ಕ್ಷಣವೇ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ, ಏಕೆಂದರೆ ಕಾಯಿಸಿ ಗಟ್ಟಿಮಾಡಿದ ಮೇಲೆ ಅದನ್ನು ಕತ್ತರಿಸಲೂ ಆಗದು, ಕೊರೆಯಲೂ ಆಗದು. ಸಾಧಾರಣ ಗಾಜಾದರೆ ಕೊರೆಯಬಹುದು, ಆದರೆ ಹಾಳಾದ ಅಂಟು ಹಾಳಾಗಿಯೇ ಇರುತ್ತದೆ, ತುಂಬಿಹೋದ ಗುಳಿಗೆಗಳು ತುಂಬಿಯೇ ಇರುತ್ತವೆ. ನಡುವೆ ಗಾಳಿಯ ಬದಲು ಆರ್ಗಾನ್ ಅನಿಲ ತುಂಬಿಸಿದ ಗಾಜಾಗಿದ್ದರೆ ಉಳಿದ ಅನಿಲವೂ ಹೋಯಿತು.

ಸನ್ ಫಿಲ್ಮ್ ವಿಷಯವೂ ಇಲ್ಲೇ ಮುಗಿಸುತ್ತೇನೆ. ಕಪ್ಪು ಫಿಲ್ಮ್ ಬಿಸಿಲನ್ನು ನುಂಗಿ ಒಳಗಿನ ಗಾಜನ್ನು ಕಾಯಿಸುತ್ತದೆ. ಬಿಸಿಲಿಗೆ ಬಿದ್ದ ನಡುಭಾಗ ಕಾದು, ಚೌಕಟ್ಟಿನೊಳಗೆ ಅಡಗಿದ ಅಂಚು ತಣ್ಣಗೇ ಉಳಿದರೆ ಸಾಧಾರಣ ಗಾಜು ಅಂಚಿನಿಂದ ಬಿರುಕು ಬಿಡುತ್ತದೆ. ಜೋಡಿ ಗಾಜಿಗೆ ಹೊಂದುವಂತೆ ತಯಾರಿಸಿದ ಫಿಲ್ಮ್ ಆಗಿದ್ದು, ಗಾಜಿನ ಮೂಲೆಯಲ್ಲಿ ಟೆಂಪರ್ಡ್ ಎಂಬ ಮುದ್ರೆಯೂ ಇದ್ದರೆ ಮಾತ್ರ ಯೋಚಿಸಿ. ಇಲ್ಲವಾದರೆ ಬೇಡ.

ಮೂರನೆಯದು ಚೌಕಟ್ಟನ್ನು ಉಳಿಸಿಕೊಂಡು ಗಾಜಿನ ಜೋಡಿಯನ್ನು ಮಾತ್ರ ಬದಲಿಸುವುದು. ನನ್ನ ಮಟ್ಟಿಗೆ ಹತ್ತರಲ್ಲಿ ಎಂಟು ಮನೆಗಳಿಗೆ ಇದೇ ಸರಿಯಾದ ಉತ್ತರ. ಯುಪಿವಿಸಿ ಚೌಕಟ್ಟು ಹಾಳಾಗದೆ ಗಾಜು ಹಾಳಾಗುವುದೇ ಹೆಚ್ಚು. ಗೋಡೆ ಒಡೆಯುವಂತಿಲ್ಲ, ಗಿಲಾವು ಮಾಡಿಸುವಂತಿಲ್ಲ, ಬಣ್ಣ ಬಳಿಸುವಂತಿಲ್ಲ, ಕಿಟಕಿಯ ಕೆಳಗಿನ ಫರಸಿ ಕಲ್ಲು ಅಲುಗುವಂತಿಲ್ಲ. ಗಾಜನ್ನು ಹಿಡಿದಿಡುವ ಪಟ್ಟಿಗಳನ್ನು ಒಳಗಿನಿಂದ ಬಿಚ್ಚಿ, ಹಳೆಯ ಜೋಡಿಯನ್ನು ಎತ್ತಿ, ಹೊಸದನ್ನು ಬಿಲ್ಲೆಗಳ ಮೇಲೆ ಇಟ್ಟು, ಪಟ್ಟಿ ಒತ್ತಿದರೆ ಕೆಲಸ ಮುಗಿಯಿತು. ನಮ್ಮ ಮನೆಯಲ್ಲಿ ಇಬ್ಬರು ಬಂದು ಒಂದು ಗಂಟೆಯೊಳಗೆ ಮುಗಿಸಿದರು. ತಡವಾದದ್ದು ಗಾಜು ಬರುವುದಕ್ಕೆ. ನಾವು ಕೇಳಿದ ಅಳತೆಯ ಜೋಡಿ ಊರಿನಲ್ಲಿ ಸಿಗದೆ ಹೈದರಾಬಾದಿನಿಂದ ತರಿಸಬೇಕಾಯಿತು, ಮೂರು ವಾರ ಕಾದೆವು.

ನಾಲ್ಕನೆಯದು ಇಡೀ ಕಿಟಕಿ. ಇದಕ್ಕೆ ನ್ಯಾಯವಾದ ಕಾರಣಗಳು ಕೆಲವೇ. ಕರ್ಣಗಳ ಅಳತೆಯಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ, ಚೌಕಟ್ಟು ಬಾಗಿದ್ದರೆ, ಮೂಲೆಯ ಬೆಸುಗೆ ಬಿಟ್ಟಿದ್ದರೆ, ಒಳಗೆ ಉಕ್ಕಿನ ಸಲಾಕೆ ಹಾಕದೆಯೇ ಮಾಡಿದ ಕಳಪೆ ಚೌಕಟ್ಟಾಗಿದ್ದರೆ. ಹೊಸದು ಹಾಕಿಸುವವರು ಗೌಂಡಿಯ ಕೆಲಸದ ಮೇಲೆ ಒಂದು ಕಣ್ಣಿಡಬೇಕು. ಒಂದೂವರೆ ಮೀಟರ್ ಉದ್ದದ ಯುಪಿವಿಸಿ ಪಟ್ಟಿ 40 ಡಿಗ್ರಿ ಹೆಚ್ಚು ಕಾದರೆ ನಾಲ್ಕು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಗೋಡೆಗೂ ಚೌಕಟ್ಟಿಗೂ ನಡುವೆ ಬಿಡಬೇಕಾದ ಸಂದಿಯನ್ನು ಅಚ್ಚುಕಟ್ಟಾಗಿ ಕಾಣಲಿ ಎಂದು ಸಿಮೆಂಟಿನಿಂದ ಗಿಡಿದುಬಿಟ್ಟರೆ ಅದು ಹಿಗ್ಗಲು ಜಾಗವಿಲ್ಲದೆ ಬಿಲ್ಲಿನಂತೆ ಬಾಗುತ್ತದೆ. ಆ ಸಂದಿಗೆ ಫೋಮ್ ಮತ್ತು ಸಿಲಿಕಾನ್ ಹಾಕಬೇಕು, ಸಿಮೆಂಟ್ ಅಲ್ಲ. ಬಣ್ಣದ ಮಾತು ಬಂದರೆ ನಮ್ಮ ಬಿಸಿಲಿಗೆ ಬಿಳಿಯೇ ಒಳ್ಳೆಯದು. ಮರದ ಬಣ್ಣದ ಗಾಢ ಹಾಳೆ ಅಂಟಿಸಿದ ಚೌಕಟ್ಟು ನೋಡಲು ಅಂದವಾದರೂ ಬಿಸಿಲನ್ನು ಹೆಚ್ಚು ಕುಡಿಯುತ್ತದೆ. ಸಾದಾ ಅಲ್ಯೂಮಿನಿಯಂ ಚೌಕಟ್ಟಿಗೆ ದುಬಾರಿ ಜೋಡಿ ಗಾಜು ಹಾಕಿಸುವುದಂತೂ ನನಗೆ ಒಪ್ಪಿಗೆಯಿಲ್ಲ. ಗಾಜು ತಡೆದ ಶಾಖವನ್ನು ಲೋಹವೇ ಒಳಗೆ ಕರೆತರುತ್ತದೆ.

ಗಾಜಿಗಿಂತ ಮೊದಲು ನೆರಳು

ಜೋಡಿ ಗಾಜು ಹಾಕಿಸಿದರೆ ಮನೆ ತಣ್ಣಗಾಗುತ್ತದೆ ಎಂದು ನಮಗೆ ಹೇಳಿದ್ದರು. ಅದು ಅರ್ಧ ಸತ್ಯ, ಉಳಿದರ್ಧವನ್ನು ನಾನು ಮೊದಲ ಬೇಸಿಗೆಯಲ್ಲಿಯೇ ಅನುಭವಿಸಿದೆ.

ಶಾಖ ಎರಡು ದಾರಿಯಲ್ಲಿ ಬರುತ್ತದೆ. ಹೊರಗಿನ ಬಿಸಿ ಗಾಳಿಯ ಶಾಖ ಗಾಜಿನ ಮೂಲಕ ಹಾದು ಬರುವುದು ಒಂದು. ಇದನ್ನು ಯು-ವ್ಯಾಲ್ಯೂ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಕಡಿಮೆಯಾದಷ್ಟೂ ಒಳ್ಳೆಯದು. ಒಂಟಿ ಗಾಜಿಗೆ ಅದು ಸುಮಾರು 5.7, ಸಾದಾ ಜೋಡಿ ಗಾಜಿಗೆ ಸುಮಾರು 2.8. ಅರ್ಧಕ್ಕೆ ಅರ್ಧ ಇಳಿಯಿತು, ನಿಜವಾದ ಲಾಭ. ಆದರೆ ಬಿಸಿಲು ನೇರವಾಗಿ ಬಂದು ಬೀಳುವುದು ಇನ್ನೊಂದು ದಾರಿ. ಅಲ್ಲಿ ಒಂಟಿ ಗಾಜು ನೂರಕ್ಕೆ ಎಂಬತ್ತು ಭಾಗವನ್ನು ಒಳಗೆ ಬಿಟ್ಟರೆ, ಬಣ್ಣವಿಲ್ಲದ ಜೋಡಿ ಗಾಜೂ ಎಪ್ಪತ್ತರ ಆಸುಪಾಸು ಬಿಡುತ್ತದೆ. ಚಳಿದೇಶದವರಿಗೆ ಅದು ವರ, ಅವರಿಗೆ ಬಿಸಿಲು ಒಳಗೆ ಬರಬೇಕು. ನಮಗೆ ಬೇಡ.

ಆದ್ದರಿಂದ ಗಾಜು ಬದಲಿಸುವ ಸಂದರ್ಭ ಹೇಗೂ ಬಂದಿದ್ದರೆ, ಪಶ್ಚಿಮದ ಕಿಟಕಿಗೆ ಅದೇ ಸಾದಾ ಜೋಡಿಯನ್ನು ಮತ್ತೆ ಹಾಕಿಸಬೇಡಿ. ಬಿಸಿಲು ತಡೆಯುವ ಲೇಪನದ ಗಾಜನ್ನು ಹೊರಗಿನ ಗಾಜಾಗಿ, ಲೇಪನ ನಡುವಿನ ಜಾಗದ ಕಡೆಗೆ ಇರುವಂತೆ ಮಾಡಿಸಿ. ನಾವು ಬದಲಿಸಿದ್ದು ಹೀಗೆಯೇ. ಸಂಜೆ ನಾಲ್ಕಕ್ಕೆ ಆ ಕೋಣೆಯಲ್ಲಿ ಕುಳಿತರೆ ವ್ಯತ್ಯಾಸ ಚರ್ಮಕ್ಕೇ ಗೊತ್ತಾಗುತ್ತದೆ.

ಅಷ್ಟು ಖರ್ಚು ಬೇಡ ಎನ್ನುವವರಿಗೆ ಬಿದಿರಿನ ತಟ್ಟಿ ಇದೆ. ಹೊರಗಡೆ ಕಟ್ಟಬೇಕು, ಒಳಗಲ್ಲ. ಒಳಗಿನ ಪರದೆ ತಲುಪುವ ಹೊತ್ತಿಗೆ ಬಿಸಿಲು ಆಗಲೇ ಮನೆಯೊಳಗೆ ಬಂದಾಗಿರುತ್ತದೆ. ಛಜ್ಜಾ ಇದೆಯಲ್ಲ ಎನ್ನಬಹುದು. ಕಲಬುರಗಿ ಇರುವುದು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಮೇ ಎರಡನೇ ವಾರದ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ದಕ್ಷಿಣದ ಕಿಟಕಿಗೆ ಆಗ ಚಿಕ್ಕ ಛಜ್ಜಾ ಸಾಕು. ಪಶ್ಚಿಮದಲ್ಲಿ ಇಳಿಬಿಸಿಲು ಛಜ್ಜಾದ ಕೆಳಗಿನಿಂದ ಅಡ್ಡವಾಗಿ ನುಗ್ಗುತ್ತದೆ, ಅದನ್ನು ನಿಲ್ಲಿಸಲು ನೆಟ್ಟಗೆ ನಿಂತ ಮರೆಯೇ ಬೇಕು. ಅಜ್ಜಿಯ ಕಾಲದಲ್ಲಿ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಆ ವಾಸನೆ ನನಗೆ ಇವತ್ತಿಗೂ ಬೇಸಿಗೆ ರಜೆಯ ವಾಸನೆ.

ಇನ್ನೊಂದು ಮಾತು, ಇದು ನಮ್ಮ ಮೂರೂ ಊರುಗಳ ಅನೇಕ ಮನೆಗಳಿಗೆ ಅನ್ವಯಿಸುತ್ತದೆ. ನಿಮ್ಮದು ಎಸಿ ಇರುವ ಕೋಣೆಯೋ, ನೀರಿನ ಕೂಲರ್ ಇರುವ ಕೋಣೆಯೋ? ಕೂಲರ್ ಹೊರಗಿನ ಒಣಗಾಳಿಯನ್ನು ನೀರಿನಲ್ಲಿ ತೋಯಿಸಿ ಒಳಗೆ ಬಿಡುತ್ತದೆ. ಆ ಗಾಳಿ ಹೊರಹೋಗಲು ಎದುರಿನ ಕಿಟಕಿ ತೆರೆದಿರಲೇಬೇಕು, ಇಲ್ಲದಿದ್ದರೆ ಕೋಣೆ ತಣ್ಣಗಾಗದೆ ಜಿಗುಟಾಗುತ್ತದೆ. ಬೇಸಿಗೆಯುದ್ದಕ್ಕೂ ತೆರೆದಿಡುವ ಕಿಟಕಿಗೆ ಜೋಡಿ ಗಾಜು ಏಕೆ? ಅಂಥ ಕೋಣೆಯಲ್ಲಿ ಮಬ್ಬಾದ ಜೋಡಿಯ ಜಾಗಕ್ಕೆ ಒಂಟಿ ಟೆಂಪರ್ಡ್ ಗಾಜು ಹಾಕಿಸಿ, ತಪ್ಪೇನೂ ಇಲ್ಲ. ಗಾಜಿನ ದಪ್ಪ ಕಡಿಮೆಯಾಗುವುದರಿಂದ ಹಿಡಿದಿಡುವ ಪಟ್ಟಿಗಳನ್ನು ಮಾತ್ರ ಬೇರೆ ಅಳತೆಯವು ತರಿಸಬೇಕಾಗುತ್ತದೆ.

ಸದ್ದಿಗಾಗಿ ಹಾಕಿಸುವವರಿಗೆ

ಬೀದರಿನ ತಂಗಿ ಜೋಡಿ ಗಾಜು ಹಾಕಿಸಿದ್ದು ಬಿಸಿಲಿಗಲ್ಲ, ಸದ್ದಿಗೆ. ಅಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ಜೆಟ್ ವಿಮಾನಗಳು ಮನೆಯ ಮೇಲೆಯೇ ಹಾರುತ್ತವೆ. "ಅಕ್ಕಾ, ಇಷ್ಟು ಖರ್ಚು ಮಾಡಿದರೂ ಮಗು ಬೆಚ್ಚಿಬೀಳುವುದು ನಿಂತಿಲ್ಲ" ಎಂದು ಫೋನಿನಲ್ಲಿ ಹೇಳಿದಾಗ ಹೋಗಿ ನೋಡಿದೆ. ಎರಡೂ ಗಾಜುಗಳು ಒಂದೇ ದಪ್ಪದವು. ಒಂದೇ ದಪ್ಪದ ಎರಡು ಗಾಜುಗಳು ಒಂದೇ ಸ್ವರಕ್ಕೆ ಒಟ್ಟಿಗೆ ಕಂಪಿಸುತ್ತವೆ, ಆ ಸ್ವರ ಸುಲಭವಾಗಿ ದಾಟಿಬಿಡುತ್ತದೆ. ಸದ್ದಿಗಾಗಿ ಹಾಕಿಸುವವರು ಒಂದು ದಪ್ಪ, ಒಂದು ತೆಳು ಗಾಜು ಕೇಳಬೇಕು. ಅದರಲ್ಲಿ ಒಂದು ಲ್ಯಾಮಿನೇಟೆಡ್ ಆಗಿದ್ದರೆ ಇನ್ನೂ ಉತ್ತಮ, ನಡುವಿನ ಪ್ಲಾಸ್ಟಿಕ್ ಪದರ ಕಂಪನವನ್ನು ನುಂಗುತ್ತದೆ. ಇಷ್ಟರ ಮೇಲೂ ರಬ್ಬರ್ ಸಂದಿ ಬಿಟ್ಟಿದ್ದರೆ ಎಲ್ಲವೂ ವ್ಯರ್ಥ, ಗಾಳಿ ನುಸುಳುವ ಕಡೆಯಿಂದ ಸದ್ದೂ ನುಸುಳುತ್ತದೆ. ಹೊಸ ಗಾಜಿಗೆ ಆರ್ಡರ್ ಕೊಡುವ ಮೊದಲು ತಂಗಿಗೆ ಬರೀ ರಬ್ಬರ್ ಬದಲಿಸಲು ಹೇಳಿದೆ. ಅಷ್ಟಕ್ಕೇ ಸಾಕಷ್ಟು ಇಳಿಯಿತು ಎನ್ನುತ್ತಾಳೆ.

ಶಹಾಬಾದಿನ ಸೋದರಮಾವನ ಮನೆಯ ಕಥೆ ಬೇರೆ. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಹೊರಮೈಗೆ ಸಾಗವಾನಿ ಕಿಟಕಿ. ಅದನ್ನು ಕಿತ್ತು ಯುಪಿವಿಸಿ ಹಾಕಿಸಲು ಮಕ್ಕಳು ಹೊರಟಿದ್ದರು. ನಾನು ತಡೆದೆ. ಗೋಡೆ ಅಷ್ಟು ದಪ್ಪವಿದ್ದರೆ ಹಳೆಯ ಕಿಟಕಿಯನ್ನು ಹಾಗೆಯೇ ಬಿಟ್ಟು, ಒಳಮೈಗೆ ತೆಳುವಾದ ಎರಡನೇ ಗಾಜಿನ ಕದ ಕೂರಿಸಬಹುದು. ಎರಡರ ನಡುವೆ ಅರ್ಧ ಅಡಿಯಷ್ಟು ಅಂತರ ಸಿಗುತ್ತದೆ. ಸದ್ದು ತಡೆಯುವ ಮಟ್ಟಿಗೆ 12 ಮಿಲಿಮೀಟರ್ ಅಂತರದ ಕಾರ್ಖಾನೆಯ ಜೋಡಿಗಿಂತ ಇದೇ ಮೇಲು. ಮಬ್ಬಾದರೆ ಒಳಗಿನ ಕದ ತೆರೆದು ಒರೆಸಿದರಾಯಿತು, ಅಂಟು ಸೋಲುವ ಭಯವೇ ಇಲ್ಲ. ಸ್ಥಳೀಯ ಬಡಿಗರೇ ಮಾಡಿಕೊಟ್ಟರು. ಹಳೆಯ ಕಲ್ಲಿನ ಮನೆಯವರು ಇದನ್ನು ಮೊದಲ ಆಯ್ಕೆಯಾಗಿಯೇ ಇಟ್ಟುಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.

ಗಾಜಿಗೆ ಆರ್ಡರ್ ಕೊಡುವಾಗ

ಟೆಂಪರ್ಡ್ ಗಾಜನ್ನು ಬಂದ ಮೇಲೆ ಕತ್ತರಿಸಲಾಗದು. ಐದು ಮಿಲಿಮೀಟರ್ ದೊಡ್ಡದಾಗಿ ಬಂದರೆ ಇಡೀ ಗಾಜು ದಂಡ. ಆದ್ದರಿಂದ ಹಿಡಿದಿಡುವ ಪಟ್ಟಿ ಬಿಚ್ಚಿಸಿಯೇ ಅಳತೆ ತೆಗೆಸಿ. ಅಗಲವನ್ನು ಮೂರು ಕಡೆ, ಎತ್ತರವನ್ನು ಮೂರು ಕಡೆ ಅಳೆದು ಚಿಕ್ಕದನ್ನು ಹಿಡಿಯಬೇಕು, ಸುತ್ತಲೂ ಬಿಲ್ಲೆಗಳಿಗೆ ಐದೈದು ಮಿಲಿಮೀಟರ್ ಜಾಗ ಬಿಡಬೇಕು. ದಪ್ಪವನ್ನು ಒಟ್ಟಾಗಿ ಹೇಳದೆ ಬಿಡಿಸಿ ಬರೆಸಿ. 6-12-6 ಎಂದರೆ ಆರರ ಎರಡು ಗಾಜು, ನಡುವೆ ಹನ್ನೆರಡು, ಒಟ್ಟು 24. 5-12-5 ಆದರೆ 22. ಎರಡು ಮಿಲಿಮೀಟರ್ ವ್ಯತ್ಯಾಸಕ್ಕೆ ರಬ್ಬರ್ ಸಡಿಲವಾಗುತ್ತದೆ ಅಥವಾ ಪಟ್ಟಿ ಕೂರುವುದೇ ಇಲ್ಲ. ಚದರ ಅಡಿಯ ದರ ಕೇಳುವಾಗ ಸಾಗಣೆ, ಹಳೆಯ ಗಾಜು ತೆಗೆಯುವ ಕೂಲಿ ಸೇರಿದೆಯೇ ಎಂದು ಕೇಳಿ. ಅಂಚಿನ ಅಂಟಿಗೆ ಎಷ್ಟು ವರ್ಷದ ಖಾತರಿ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬಾಯಿಮಾತಿನ ಖಾತರಿಯಿಂದ ನನಗೆ ಆದದ್ದು ಮೇಲೆ ಹೇಳಿದ್ದೇನೆ.

ಸ್ವತಃ ಮಾಡಬಹುದೇ ಎಂದು ಕೆಲವರು ಕೇಳುತ್ತಾರೆ. ಗಾಜಿನ ತೂಕ ಒಂದು ಚದರ ಮೀಟರಿಗೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ 6-12-6 ಜೋಡಿ ಸುಮಾರು 45 ಕಿಲೋ ತೂಗುತ್ತದೆ. ನೆಲಮಟ್ಟದ ಚಿಕ್ಕ ಕಿಟಕಿಯಾದರೆ ಇಬ್ಬರು ಸೇರಿ ಮಾಡಬಹುದು, ಮಹಡಿಯದಾದರೆ ಖಂಡಿತ ಬೇಡ. ಯಾರೇ ಮಾಡಲಿ, ಹಾಕುವ ಸಿಲಿಕಾನ್‌ನಿಂದ ವಿನೆಗರ್ ವಾಸನೆ ಬಂದರೆ ನಿಲ್ಲಿಸಿ. ಆ ಜಾತಿಯದು ಜೋಡಿ ಗಾಜಿನ ಅಂಚಿನ ಅಂಟಿಗೆ ಹಾನಿ ಮಾಡುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನೇ ತರಿಸಬೇಕು.

ವರ್ಷಕ್ಕೆ ಎರಡು ಸಲ

ನಾನು ಯುಗಾದಿಗೆ ಒಮ್ಮೆ, ಮೃಗಶಿರ ಮಳೆ ಬೀಳುವ ಮುಂಚೆ ಇನ್ನೊಮ್ಮೆ ಎಲ್ಲ ಕಿಟಕಿಗಳನ್ನೂ ನೋಡುತ್ತೇನೆ. ಮೊದಲು ಒಣ ಬ್ರಷ್‌ನಿಂದ ಧೂಳು ತೆಗೆಯಬೇಕು, ಧೂಳಿನ ಮೇಲೆಯೇ ಒದ್ದೆ ಬಟ್ಟೆ ಎಳೆದರೆ ಗಾಜಿಗೆ ಗೀರು ಬೀಳುತ್ತದೆ. ಆಮೇಲೆ ಸೋಪಿನ ನೀರು. ನೀರು ಹೋಗುವ ಸೀಳುಗಳನ್ನು ಬಿಡಿಸಬೇಕು. ಸ್ಲೈಡಿಂಗ್ ಕಿಟಕಿಯ ಹಳಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿದೆ. ಎಣ್ಣೆಗೆ ಧೂಳು ಅಂಟಿ ಕೆಸರಾಗಿ ಗಾಲಿಗಳು ಸವೆಯುತ್ತವೆ. ಹಳಿಯನ್ನು ಒಣಗಿಸಿ ಸಿಲಿಕಾನ್ ಸ್ಪ್ರೇ ಸ್ವಲ್ಪವೇ ಹಾಕಿದರೆ ಸಾಕು. ರಬ್ಬರಿಗೂ ಅದೇ. ಸೀಮೆಎಣ್ಣೆ, ಥಿನ್ನರ್, ಗ್ರೀಸು ರಬ್ಬರಿನ ಹತ್ತಿರವೂ ಸುಳಿಯಬಾರದು, ಅದು ಉಬ್ಬಿ ಸಡಿಲವಾಗುತ್ತದೆ.

ಬೋರ್‌ವೆಲ್ಲಿನ ಗಡಸು ನೀರು ಬಿಟ್ಟುಹೋಗುವ ಬಿಳಿ ಕಲೆಗೆ ನಿಂಬೆರಸ ಅಥವಾ ವಿನೆಗರ್ ಒಳ್ಳೆಯ ಮದ್ದು. ಆದರೆ ಕಿಟಕಿಯ ಕೆಳಗೆ ಶಹಾಬಾದ್ ಫರಸಿ ಇದ್ದರೆ ಮೊದಲು ಅದರ ಮೇಲೆ ದಪ್ಪ ಬಟ್ಟೆ ಹಾಸಿ. ಅದು ಸುಣ್ಣದ ಕಲ್ಲು, ಹುಳಿಯ ಒಂದು ಹನಿ ಬಿದ್ದರೂ ಹೊಳಪು ಹೋಗಿ ಬಿಳಿಚಿಕೊಳ್ಳುತ್ತದೆ. ನಮ್ಮ ಅಡುಗೆಮನೆಯ ಕಿಟಕಿಯ ಕಲ್ಲಿನ ಮೇಲೆ ಅಂಥ ನಾಲ್ಕು ಕಲೆಗಳು ಈಗಲೂ ಇವೆ. ಬಟ್ಟೆಗೆ ವಿನೆಗರ್ ಅದ್ದಿ ಗಾಜಿನ ಮೇಲೆ ಇಟ್ಟು, ಹತ್ತು ನಿಮಿಷ ಬಿಟ್ಟು, ನೀರಿನಿಂದ ಒರೆಸಿ ತೆಗೆಯಬೇಕು. ಗಾಜಿನ ಮೇಲೆ ನೇರವಾಗಿ ಸುರಿಯಬಾರದು.

ಹೊಸ ಗಾಜಿನ ಅಳತೆ, ದಪ್ಪ, ಲೇಪನದ ಹೆಸರು, ಹಾಕಿದ ತಿಂಗಳು, ಇವನ್ನು ಒಂದು ಚೀಟಿಯಲ್ಲಿ ಬರೆದು ಬಟ್ಟೆ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ್ದೇನೆ. ಮಬ್ಬಾಗಿಯೇ ಉಳಿದಿರುವ ಇನ್ನೊಂದು ಕಿಟಕಿಗೂ ಅದೇ ಅಳತೆ ಹೊಂದುತ್ತದೆ. ದಸರೆ ಕಳೆದ ಮೇಲೆ ಅದಕ್ಕೆ ಆರ್ಡರ್ ಕೊಡುತ್ತೇನೆ.